ಮೈಸೂರಿನ ಗೋಲು, ಕಲ್ಕತ್ತದ ನೆನಪು

ರಣಜಿ ಟ್ರೋಫಿ ಕರ್ನಾಟಕಕ್ಕೆ ಮೊದಲ ಸಲ ಬಂದದ್ದು 1974ರಲ್ಲಿ. ಮುಂಬೈ ಹದಿನೈದು ವರ್ಷ ಬಿಟ್ಟುಕೊಡದ ಬಟ್ಟಲನ್ನು ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಇದ್ದ ತಂಡ ಕಿತ್ತುಕೊಂಡು ಬಂದ ಕಥೆ ಮೈಸೂರಿನ ಯಾವ ಹೋಟೆಲಿನಲ್ಲಿ ಕಾಫಿಗೆ ಕೂತರೂ ಕೇಳಸಿಗುತ್ತದೆ. ಹೇಳುವವರಿಗೆ ಯಾರು ಯಾರನ್ನು ಔಟ್ ಮಾಡಿದರು ಎಂಬುದೂ ಬಾಯಿಪಾಠ. ಆದರೆ ಆ ಹೊತ್ತಿಗೆ ಫುಟ್‌ಬಾಲಿನ ರಾಷ್ಟ್ರೀಯ ಪ್ರಶಸ್ತಿಯಾದ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಾಗಿತ್ತು: 1946–47, 1952–53, ಆಮೇಲೆ 1967–68 ಮತ್ತು 1968–69. ಮೊದಲೆರಡು ಸಲ ಫೈನಲಿನಲ್ಲಿ ಸೋತದ್ದು ಫುಟ್‌ಬಾಲನ್ನೇ ಉಸಿರಾಡುವ ಬಂಗಾಳ. ಆ ತಂಡಗಳಲ್ಲಿ ಆಡಿದ ಒಬ್ಬರ ಹೆಸರು ಹೇಳಿ ಎಂದರೆ ಕ್ರೀಡಾಪುಟವನ್ನು ಬಿಡದೆ ಓದುವವರೂ ತಡವರಿಸುತ್ತಾರೆ. ಈ ಮರೆವಿಗೆ ನಾವು ಸಾಮಾನ್ಯವಾಗಿ ಕೊಟ್ಟುಕೊಳ್ಳುವ ಕಾರಣಗಳು ನನಗೆ ಒಪ್ಪಿಗೆಯಾಗಿಲ್ಲ.

ಮೊದಲು ಒಂದು ಗೋಲಿನ ವಿಷಯ. 1948ರ ಜುಲೈ 31, ಲಂಡನ್ ಒಲಿಂಪಿಕ್ಸ್. ನಗರದ ಪೂರ್ವಕ್ಕಿರುವ ಇಲ್ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ಭಾರತಕ್ಕೂ ಫ್ರಾನ್ಸಿಗೂ ಪಂದ್ಯ. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿದ್ದರು. ನಾಯಕ ನಾಗಾ ಗುಡ್ಡಗಾಡಿನಿಂದ ಬಂದ ಟಿ. ಆವೊ, ತರಬೇತುದಾರ ಬಲಾಯಿದಾಸ್ ಚಟರ್ಜಿ. ಅರ್ಧ ಗಂಟೆಗೆ ಫ್ರಾನ್ಸ್ ಮುಂದೆ ಹೋಯಿತು. 70ನೆಯ ನಿಮಿಷದಲ್ಲಿ ಸಾರಂಗಪಾಣಿ ರಾಮನ್ ಎಂಬ ಮುನ್ಪಡೆ ಆಟಗಾರ ಚೆಂಡನ್ನು ಬಲೆಗೆ ಸೇರಿಸಿ ಸಮ ಮಾಡಿದರು. ಪಂದ್ಯ ಮುಗಿಯಲು ಒಂದು ನಿಮಿಷವಿದೆ ಎನ್ನುವಾಗ ಫ್ರಾನ್ಸ್ ಇನ್ನೊಂದು ಹೊಡೆದು 2–1ರಲ್ಲಿ ಗೆದ್ದಿತು. ನಡುವೆ ಭಾರತಕ್ಕೆ ಸಿಕ್ಕಿದ್ದ ಎರಡು ಪೆನಾಲ್ಟಿಗಳು ವ್ಯರ್ಥವಾಗಿದ್ದವು. ಒಂದನ್ನು ಶೈಲೇನ್ ಮನ್ನಾ, ಇನ್ನೊಂದನ್ನು ಮಹಾಬೀರ್ ಪ್ರಸಾದ್ ಕೈಚೆಲ್ಲಿದರು. ರಾಮನ್ ಮೈಸೂರು ತಂಡದವರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಅವರದು. ಆ ತಂಡದಲ್ಲಿ ಮೈಸೂರಿನವರು ಅವರೊಬ್ಬರೇ ಆಗಿರಲಿಲ್ಲ. ಗೋಲ್‌ಕೀಪರ್ ಕೆ.ವಿ. ವರದರಾಜ್, ಎಸ್.ಎ. ಬಷೀರ್, ವಜ್ರವೇಲು, ಧನರಾಜ್, ಅಹಮದ್ ಖಾನ್ ಎಲ್ಲ ಇಲ್ಲಿಂದಲೇ ಹೋದವರು.

ಈಗ ಆ ಪಂದ್ಯದ ಯಾವ ನೆನಪು ಉಳಿದಿದೆ ಎಂದು ನೋಡಿ. ತಪ್ಪಿದ ಪೆನಾಲ್ಟಿಗಳು ಉಳಿದಿವೆ. ಬರಿಗಾಲು ಉಳಿದಿದೆ. ಆರನೆಯ ಜಾರ್ಜ್ ದೊರೆ ಮನ್ನಾ ಅವರ ಪ್ಯಾಂಟಿನ ಕಾಲು ಮೇಲೆತ್ತಿಸಿ, ಒಳಗಿರುವುದು ಉಕ್ಕಿನ ಕಾಲೋ ಏನೋ ಎಂದು ಪರೀಕ್ಷಿಸಿದನೆಂಬ ಕಥೆ ಇವತ್ತಿಗೂ ಓಡಾಡುತ್ತದೆ. ನಡೆದದ್ದೋ ಕಟ್ಟಿದ್ದೋ, ಆ ಗೊಡವೆ ನಮಗೆ ಬೇಡ. ಪೆನಾಲ್ಟಿ ತಪ್ಪಿಸಿದವರ ಸುತ್ತ ಒಂದು ದಂತಕಥೆ ಹುಟ್ಟಿ ಬೆಳೆಯಿತು, ಗೋಲು ಹೊಡೆದವರ ಸುತ್ತ ಯಾವುದೂ ಹುಟ್ಟಲಿಲ್ಲ. ಮನ್ನಾ ದೊಡ್ಡ ಆಟಗಾರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಹಿಂದೆ ಮೋಹನ್ ಬಗಾನ್ ಇತ್ತು, ಕಲ್ಕತ್ತದ ಪತ್ರಿಕೆಗಳಿದ್ದವು, ಸಂಜೆಯ ಹರಟೆಯಲ್ಲಿ ಕಥೆಯನ್ನು ಮತ್ತೆ ಮತ್ತೆ ಹೇಳಿ ಪಾಲಿಶ್ ಹಾಕುವ ಜನ ಇದ್ದರು. ರಾಮನ್ ಅವರ ಕಥೆ ಹೇಳಲು ಇಲ್ಲಿ ಯಾರೂ ಇರಲಿಲ್ಲ.

ನಾಲ್ಕು ವರ್ಷದ ನಂತರ ಹೆಲ್ಸಿಂಕಿ. ಯುಗೋಸ್ಲಾವಿಯಾ ಭಾರತವನ್ನು 10–1ರಲ್ಲಿ ಹಿಂಡಿಹಾಕಿತು. ಆ ತಂಡ ಕೊನೆಗೆ ಬೆಳ್ಳಿ ಪದಕ ಗೆದ್ದಿತೆಂಬುದು ನಮ್ಮವರಿಗೆ ಸಮಾಧಾನ ಕೊಟ್ಟಿರಲಾರದು. ಆ ಹತ್ತರ ಪಕ್ಕದಲ್ಲಿರುವ ಒಂದು ಅಹಮದ್ ಖಾನ್ ಅವರದು. ಒಲಿಂಪಿಕ್ಸ್‌ನಲ್ಲಿ ಭಾರತ ಹೊಡೆದ ಮೊದಲ ಗೋಲು, ಎರಡನೆಯ ಗೋಲು ಎರಡೂ ಮೈಸೂರು ರಾಜ್ಯದ ಕಾಲುಗಳಿಂದ ಬಂದವು ಎಂದಾಯಿತು. ನಡುವೆ 1951ರ ಮಾರ್ಚ್‌ನಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ರಲ್ಲಿ ಸೋಲಿಸಿ ಚಿನ್ನ ಗೆದ್ದ ತಂಡದಲ್ಲೂ ಅಹಮದ್ ಖಾನ್, ವರದರಾಜ್, ಷಣ್ಮುಗಂ ಇದ್ದರು.

ಇಷ್ಟಿದ್ದೂ ಮರೆತೆವೇಕೆ? ಕೇಳಿದರೆ ಸಿಗುವ ಮೊದಲ ಉತ್ತರ ಭಾಷೆಯದು. ಇವರೆಲ್ಲ ಬೆಂಗಳೂರು ದಂಡಿನ ಕಡೆಯವರು. ಮನೆಮಾತು ತಮಿಳು, ಉರ್ದು. ಕನ್ನಡ ಪತ್ರಿಕೆಗೂ ಕನ್ನಡ ಬರಹಗಾರನಿಗೂ ದಂಡು ಪರದೇಶವಾಗಿತ್ತು ಎಂಬುದು ವಾದ. ಇದರಲ್ಲಿ ಹುರುಳಿಲ್ಲ ಎನ್ನಲಾಗದು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿ ಬಂದರೂ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲೇ ಉಳಿಯಿತು. ಮೈಸೂರಿಗೆ ಅದು ಸೇರಿದ್ದು 1947ರಲ್ಲಿ. ಗೋರಾ ಪಲ್ಟನ್ನುಗಳ ಆಟ ನೋಡುತ್ತ, ಅವರೊಂದಿಗೆ ಆಡುತ್ತ ಬೆಳೆದದ್ದು ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಹುಡುಗರು. ಮುಂಬೈಯ ರೋವರ್ಸ್ ಕಪ್ಪನ್ನು ಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಅದು 1937ರಲ್ಲಿ, ಮರುವರ್ಷವೂ ಅವರೇ ಗೆದ್ದರು. 1946ರಲ್ಲಿ ಸಂತೋಷ್ ಟ್ರೋಫಿಗಾಗಿ ಮೈಸೂರಿನ ಹೆಸರಿನಲ್ಲಿ ಇಳಿದ ತಂಡದ ಬೆನ್ನೆಲುಬು ಈ ದಂಡಿನ ಮಕ್ಕಳೇ. ಮಹಾರಾಜರ ಆಡಳಿತ ನಡೆಯದ ಬೀದಿಗಳ ಹುಡುಗರು ಮಹಾರಾಜರ ರಾಜ್ಯಕ್ಕೆ ಟ್ರೋಫಿ ತಂದುಕೊಟ್ಟರು. ಇತಿಹಾಸದ ಪಾಠ ಬರೆಯುವವರಿಗೆ ಇಂಥ ಸಂಗತಿ ಕಣ್ಣಿಗೆ ಬೀಳದಿರುವುದು ಸೋಜಿಗ.

ಆದರೆ ಭಾಷೆಯ ಕಾರಣ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಸಯ್ಯದ್ ಕಿರ್ಮಾನಿ, ರೋಜರ್ ಬಿನ್ನಿ ಇವರ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಿದ್ದರು ಎಂದು ಯಾವ ಕನ್ನಡಿಗನೂ ಕೇಳಲಿಲ್ಲ. ಇಬ್ಬರೂ ನಮ್ಮವರೇ ಆಗಿಹೋದರು. ಇತ್ತ ಮರಿಯಪ್ಪ ಕೆಂಪಯ್ಯನವರನ್ನು ನೋಡಿ. ಹೆಸರಿನಲ್ಲೇ ಹಳೇ ಮೈಸೂರಿನ ಮಣ್ಣಿದೆ. ಭಾರತ ನಾಲ್ಕನೆಯ ಸ್ಥಾನ ಪಡೆದ 1956ರ ಮೆಲ್ಬರ್ನ್ ಒಲಿಂಪಿಕ್ಸ್ ತಂಡದಲ್ಲಿ ಇದ್ದವರು, 1960ರ ರೋಮ್ ಒಲಿಂಪಿಕ್ಸಿಗೂ ಹೋದವರು, ಮೋಹನ್ ಬಗಾನಿಗೆ ಆಡಿದವರು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತ ಅದಕ್ಕಿಂತ ಮೇಲೆ ಹೋಗಿಲ್ಲ. ಕೆಂಪಯ್ಯನವರನ್ನು ಕನ್ನಡ ನೆನಪಿಟ್ಟುಕೊಂಡಿದೆಯೇ? ಮನೆಮಾತೇ ಅಡ್ಡಿಯಾಗಿದ್ದರೆ ಅವರಾದರೂ ಉಳಿಯಬೇಕಿತ್ತಲ್ಲ.

ನನ್ನ ಉತ್ತರ ಬೇರೆ. ನೆನಪು ಸಂಬಳದ ಹಿಂದೆ ಹೋಗುತ್ತದೆ. ಆಟಗಾರನ ಅನ್ನ ಎಲ್ಲಿ ಹುಟ್ಟಿತೋ ಅವನ ಕಥೆಯೂ ಅಲ್ಲೇ ಹುಟ್ಟುತ್ತದೆ.

ಅಹಮದ್ ಖಾನ್ ಅವರ ಆಟದ ಬದುಕು ಇದಕ್ಕೆ ಒಳ್ಳೆಯ ಸಾಕ್ಷಿ. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಇಲ್ಲಿನ ಕ್ಲಬ್ಬುಗಳಲ್ಲಿ ಆಡುತ್ತಿದ್ದ ಅವರು 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಆ ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹ ದಕ್ಷಿಣದ ಊರುಗಳಲ್ಲಿ ಪ್ರತಿಭೆ ಹುಡುಕಿ ಕಲ್ಕತ್ತಕ್ಕೆ ಕರೆಸಿಕೊಳ್ಳುವುದರಲ್ಲಿ ನಿಸ್ಸೀಮರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೇ ಈ ಐವರ ಮುನ್ಪಡೆಗೆ ಬಂಗಾಳಿಗಳು ‘ಪಂಚ ಪಾಂಡವರು’ ಎಂದೇ ಹೆಸರಿಟ್ಟರು. ಐವರಲ್ಲಿ ಧನರಾಜ್ ಮತ್ತು ಅಹಮದ್ ಖಾನ್ ನಮ್ಮವರು. ಆಗಿನ ಆಟದಲ್ಲಿ ಮುಂದೆ ಐದು ಜನ ಸಾಲಾಗಿ ನಿಲ್ಲುತ್ತಿದ್ದರು. ಅಹಮದ್ ಖಾನ್ ಒಳ ಎಡಭಾಗದವರು. ಗೋಲು ಹೊಡೆಯುವುದಕ್ಕಿಂತ ಹೊಡೆಸುವುದು ಅವರ ಕಸುಬು. ಚೆಂಡು ಕಾಲಿಗೆ ಸಿಕ್ಕರೆ ಎದುರಿನವರು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುವಂತೆ ಮಾಡುತ್ತಿದ್ದ ಅವರಿಗೆ ‘ಹಾವಾಡಿಗ’ ಎಂಬ ಅಡ್ಡಹೆಸರು ಬಂದಿತ್ತು. 1949, 1950, 1951 ಹೀಗೆ ಸತತ ಮೂರು ವರ್ಷ ಐಎಫ್ಎ ಶೀಲ್ಡ್. 1951, 1952, 1956ರಲ್ಲಿ ಡ್ಯುರಾಂಡ್ ಕಪ್. ನಡುವೆ ಕಲ್ಕತ್ತ ಲೀಗ್ ಪ್ರಶಸ್ತಿಗಳು. 1953ರಲ್ಲಿ ಈಸ್ಟ್ ಬೆಂಗಾಲ್ ರುಮೇನಿಯಾ, ಸೋವಿಯತ್ ಒಕ್ಕೂಟಗಳಿಗೆ ಹೋಗಿಬಂದ ಪ್ರವಾಸ. ಹತ್ತು ವರ್ಷ ಹೀಗೆ ನಡೆಯಿತು. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತು ವರ್ಷ. ಅವರ ಮುನ್ಪಡೆಯ ಹೆಸರುಗಳನ್ನು ಈಸ್ಟ್ ಬೆಂಗಾಲಿನ ಅಭಿಮಾನಿ ಇವತ್ತಿಗೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಆ ಮುನ್ಪಡೆಯನ್ನು ಕಣ್ಣಾರೆ ಕಂಡದ್ದು ಅವನ ಅಜ್ಜ.

ಇಲ್ಲಿ ಸ್ವಲ್ಪ ದೂರದ ಒಬ್ಬನನ್ನು ಪಕ್ಕಕ್ಕಿಟ್ಟು ನೋಡಬೇಕು. ಅಹಮದ್ ಖಾನ್‌ರ ಕಾಲದಲ್ಲೇ ವೇಲ್ಸ್ ದೇಶಕ್ಕೆ ಟ್ರೆವರ್ ಫೋರ್ಡ್ ಎಂಬ ಸೆಂಟರ್ ಫಾರ್ವರ್ಡ್ ಇದ್ದ. 1923ರಲ್ಲಿ ಸ್ವಾನ್ಸಿಯಲ್ಲಿ ಹುಟ್ಟಿದವನು. ಭುಜದಿಂದ ಗುದ್ದಿ ಗೋಲ್‌ಕೀಪರನನ್ನೇ ಬಲೆಯೊಳಗೆ ನೂಕಬಲ್ಲ ಗಟ್ಟಿಗ. 38 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 23 ಗೋಲು. 1950ರಲ್ಲಿ ಸಂಡರ್‌ಲ್ಯಾಂಡ್ ಕ್ಲಬ್ 30,000 ಪೌಂಡ್ ಕೊಟ್ಟು ಅವನನ್ನು ಆಸ್ಟನ್ ವಿಲಾದಿಂದ ಕೊಂಡಿತು. ಆ ಹಣ ಕ್ಲಬ್ಬಿನಿಂದ ಕ್ಲಬ್ಬಿಗೆ ಹೋದದ್ದು. ಆಟಗಾರನ ವಾರದ ಕೂಲಿಗೆ ಇಂಗ್ಲಿಷ್ ಲೀಗ್ ಮಿತಿ ಹಾಕಿತ್ತು; 1961ರಲ್ಲಿ ಅದು ರದ್ದಾಗುವ ಹೊತ್ತಿಗೂ ಮಿತಿ ವಾರಕ್ಕೆ 20 ಪೌಂಡ್. ಉಳಿದದ್ದು ಮೇಜಿನ ಕೆಳಗೆ. ಫೋರ್ಡ್ ತನ್ನ ಆತ್ಮಕಥೆಯಲ್ಲಿ ಈ ಕಳ್ಳ ಸಂದಾಯಗಳ ವಿಷಯವನ್ನು ಬಿಚ್ಚಿಟ್ಟ. ಲೀಗ್ ಅವನಿಗೆ ನಿಷೇಧ ಹೇರಿತು. 1957ರಲ್ಲಿ ಹಾಲೆಂಡಿನ ಪಿಎಸ್‌ವಿ ಐಂಡ್‌ಹೋವನ್‌ಗೆ ಹೋಗಿ ಆಡಿದ. ಅವನಿಲ್ಲದೆ ವೇಲ್ಸ್ 1958ರ ವಿಶ್ವಕಪ್ಪಿಗೆ ಹೋಯಿತು. (ಕ್ರಿಕೆಟ್ ಪ್ರಿಯರಿಗೊಂದು ಚೂರು: 1968ರಲ್ಲಿ ಸ್ವಾನ್ಸಿಯಲ್ಲಿ ಗ್ಯಾರಿ ಸೋಬರ್ಸ್ ಒಂದೇ ಓವರಿನಲ್ಲಿ ಆರು ಸಿಕ್ಸರ್ ಬಾರಿಸಿದಾಗ ಗ್ಲಾಮರ್ಗನ್ ಪರ ಬದಲಿ ಫೀಲ್ಡರ್ ಆಗಿ ಮೈದಾನದಲ್ಲಿದ್ದವನು ಇದೇ ಫೋರ್ಡ್.)

ಫೋರ್ಡ್ ಹಣದ ಮಾತೆತ್ತಿ ಶಿಕ್ಷೆ ಅನುಭವಿಸಿದ, ನಿಜ. ಆದರೆ ಮಾತೆತ್ತಲು ಅವನಿಗೆ ಸಾಧ್ಯವಿತ್ತು, ಏಕೆಂದರೆ ಅವನು ಕಾನೂನು ಪ್ರಕಾರ ವೃತ್ತಿಪರ ಆಟಗಾರ. ಕರಾರುಪತ್ರವಿತ್ತು, ವರ್ಗಾವಣೆಯ ಬೆಲೆ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ನಮ್ಮವರ ಸ್ಥಿತಿ ಇದಕ್ಕಿಂತ ಬಿಗಿ. ಕಾಗದದ ಮೇಲೆ ಅವರೆಲ್ಲ ಹವ್ಯಾಸಿಗಳು. ಹವ್ಯಾಸಿಗಳಾದ್ದರಿಂದಲೇ ಒಲಿಂಪಿಕ್ಸಿಗೆ ಹೋಗಲು ಅರ್ಹರು. ಬೆಂಗಳೂರಿನ ಹುಡುಗ ಕಲ್ಕತ್ತಕ್ಕೆ ಹೋಗಿ ವರ್ಷಗಟ್ಟಲೆ ಬರೀ ಆಟದ ಪ್ರೀತಿಗೆ ನಿಂತ ಎಂದು ನಂಬುವವರು ಯಾರೂ ಇರಲಿಲ್ಲ. ವಸತಿ, ಊಟ, ಒಂದು ನೌಕರಿ, ಕೈಗೊಂದಿಷ್ಟು ಹಣ ಕೊಡುವುದು ಆ ಕಾಲದ ಕಲ್ಕತ್ತದ ಎಲ್ಲ ದೊಡ್ಡ ಕ್ಲಬ್ಬುಗಳ ರೂಢಿ. ಅದನ್ನು ಬಾಯಿಬಿಟ್ಟು ಹೇಳಿದ ಗಳಿಗೆಯಲ್ಲೇ ಹವ್ಯಾಸಿ ಪಟ್ಟ ಹೋಗುತ್ತದೆ, ಅದರೊಂದಿಗೆ ಒಲಿಂಪಿಕ್ಸೂ. ಹೀಗಾಗಿ ಆ ಬದುಕಿನ ಮುಖ್ಯ ಸಂಗತಿಯೇ ಬರೆಯಬಾರದ ಸಂಗತಿಯಾಯಿತು. ಕರಾರಿಲ್ಲ, ರಸೀದಿಯಿಲ್ಲ, ಆತ್ಮಕಥೆಯಿಲ್ಲ. ಭಾರತದಲ್ಲಿ ರಾಷ್ಟ್ರೀಯ ಮಟ್ಟದ ಲೀಗ್ ಶುರುವಾದದ್ದೇ 1996ರಲ್ಲಿ. ಅಷ್ಟರಲ್ಲಿ ಆ ತಲೆಮಾರಿನವರು ಮುದುಕರಾಗಿದ್ದರು.

ಕ್ರಿಕೆಟಿಗೆ ಇನ್ನೊಂದು ಅನುಕೂಲವೂ ಇತ್ತು. ಅದು ಲೆಕ್ಕದ ಆಟ. ಪ್ರತಿ ಚೆಂಡಿಗೂ ಸ್ಕೋರರ್ ಪುಸ್ತಕದಲ್ಲಿ ಒಂದು ಗುರುತು ಬೀಳುತ್ತದೆ; ನೋಡಿದವರೆಲ್ಲ ಸತ್ತ ಮೇಲೂ ಆ ಪುಸ್ತಕ ಸಾಕ್ಷಿ ಹೇಳುತ್ತದೆ. ಫುಟ್‌ಬಾಲಿನಲ್ಲಿ ಆಗ ಬರೆದಿಡುತ್ತಿದ್ದದ್ದು ಅಂತಿಮ ಅಂಕ ಮತ್ತು ಗೋಲು ಹೊಡೆದವನ ಹೆಸರು, ಅಷ್ಟೆ. ಅಹಮದ್ ಖಾನ್ ತೊಂಬತ್ತು ನಿಮಿಷ ಏನೇನು ಮಾಡಿದರು ಎಂಬುದಕ್ಕೆ ಕಂಡವರ ಮಾತೇ ದಾಖಲೆ. ಕಂಡವರು ಕಲ್ಕತ್ತದವರು. ಅವರು ಬಂಗಾಳಿಯಲ್ಲಿ ಮಾತಾಡಿದರು, ಬಂಗಾಳಿಯಲ್ಲಿ ಬರೆದರು. ಇದು ಅವರ ತಪ್ಪಲ್ಲ, ಅವರ ಉಪಕಾರ. ಅವರಾದರೂ ಬರೆದಿಡದಿದ್ದರೆ ಪಂಚ ಪಾಂಡವರಲ್ಲಿ ಇಬ್ಬರು ನಮ್ಮ ನಾಡಿನವರು ಎಂಬುದೂ ನಮಗೆ ಗೊತ್ತಾಗುತ್ತಿರಲಿಲ್ಲ.

ನೆನೆದಾಗಲೂ ನಾವು ತಪ್ಪು ಕಾರಣಕ್ಕೆ ನೆನೆಯುತ್ತೇವೆ ಎಂಬುದು ನನ್ನ ಇನ್ನೊಂದು ತಕರಾರು. ಎಲ್ಲರಿಗೂ ಬರಿಗಾಲು ಬೇಕು. ಬರಿಗಾಲಲ್ಲಿ ಆಡುವಂತಿಲ್ಲ ಎಂದು ಫಿಫಾ ಹೇಳಿದ್ದರಿಂದ ಭಾರತ 1950ರ ಬ್ರೆಜಿಲ್ ವಿಶ್ವಕಪ್ಪಿಗೆ ಹೋಗಲಿಲ್ಲ ಎಂಬ ಕಥೆಯನ್ನು ವಿದ್ಯಾವಂತರೂ ಒಪ್ಪಿಸುತ್ತಾರೆ. ಬೂಟು ಅಲ್ಲಿ ಮುಖ್ಯ ಕಾರಣವೇ ಅಲ್ಲ. ಆಗಿನ ಫುಟ್‌ಬಾಲ್ ಫೆಡರೇಷನ್ನಿಗೆ ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ ಲೆಕ್ಕಕ್ಕಿರಲಿಲ್ಲ. ಹಡಗಿನಲ್ಲಿ ವಾರಗಟ್ಟಲೆ ಪಯಣ, ಖರ್ಚು, ತಂಡದ ಆಯ್ಕೆಯ ಗೊಂದಲ ಇವೆಲ್ಲ ಸೇರಿದವು. ಪ್ರಯಾಣದ ಖರ್ಚಿನಲ್ಲಿ ದೊಡ್ಡ ಪಾಲನ್ನು ಬ್ರೆಜಿಲಿನವರು ಹೊರಲು ಮುಂದೆ ಬಂದಿದ್ದರೂ ನಮ್ಮವರು ಹೊರಡಲಿಲ್ಲ. ಅಧಿಕಾರಿಗಳ ಉದಾಸೀನವನ್ನು ಆಟಗಾರರ ಬರಿಗಾಲಿನ ಮೇಲೆ ಹೊರಿಸಿದ ಕಥೆ ಇದು. ಹೆಲ್ಸಿಂಕಿಯ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಅಹಮದ್ ಖಾನ್ ಅದಾದ ಮೇಲೂ ಹಲವು ವರ್ಷ ಆಡಿದರು, 1954ರ ಏಷ್ಯನ್ ಕ್ರೀಡಾಕೂಟದಲ್ಲೂ ಆಡಿದರು. ಅವರ ಆಟ ಇದ್ದದ್ದು ತಲೆಯಲ್ಲಿ. ಬಡ ದೇಶದ ಬರಿಗಾಲ ಹುಡುಗ ಎಂಬ ಚಿತ್ರದಲ್ಲಿ ಲಂಡನ್ನಿನ ನೋಡುಗನ ಬೆರಗಿದೆ. ಆ ಬೆರಗನ್ನೇ ಎರವಲು ತಂದು ನಾವೂ ನಮ್ಮವರನ್ನು ಹಾಗೇ ನೋಡಬೇಕಾದ ಅಗತ್ಯವೇನೂ ಇಲ್ಲ.

ಬೆಂಗಳೂರಿನ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಪೆಲೆ ವಿಶ್ವಕಪ್ಪಿನಲ್ಲಿ ಮೊದಲ ಗೋಲು ಹೊಡೆದದ್ದು 1958ರಲ್ಲಿ, ಫೋರ್ಡ್ ಇಲ್ಲದ ಅದೇ ವೇಲ್ಸ್ ವಿರುದ್ಧ. ಆ ಬೀದಿಯವರು ಪೆಲೆಯನ್ನು ನಿಲ್ಲಿಸಿಕೊಂಡದ್ದರ ಬಗ್ಗೆ ನನಗೆ ಗೌರವವಿದೆ. ಫುಟ್‌ಬಾಲನ್ನು ದೈವವೆಂದು ಬಗೆಯುವವರ ಹಕ್ಕು ಅದು. ಬೇಸರವಿರುವುದು ಉಳಿದ ಊರಿನ ಬಗ್ಗೆ. ಬೆಂಗಳೂರು ಎಫ್‌ಸಿ ಹುಟ್ಟಿ, ಸುನಿಲ್ ಚೆಟ್ರಿ ನಾಯಕತ್ವದಲ್ಲಿ ಮೊದಲ ವರ್ಷವೇ ಐ–ಲೀಗ್ ಗೆದ್ದಾಗ, ಈ ರಾಜ್ಯಕ್ಕೆ ಫುಟ್‌ಬಾಲ್ ಬಂದದ್ದೇ 2013ರಲ್ಲಿ ಎನ್ನುವಂತೆ ಮಾತಾಡಿದೆವು. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಲ್ಲಿ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಾಗ ‘54 ವರ್ಷಗಳ ಬಳಿಕ’ ಎಂದು ಎಲ್ಲೆಡೆ ಬಂತು. ಬಳಿಕ ಎಂದವರು ಅದರ ಮೊದಲು ಇದ್ದವರು ಯಾರೆಂದು ಕೇಳುವ ತೊಂದರೆ ತೆಗೆದುಕೊಳ್ಳಲಿಲ್ಲ.

ಇದೆಲ್ಲ ಬೆಂಗಳೂರಿನ ವಿಷಯ, ಮೈಸೂರು ನಗರಕ್ಕೇನು ಸಂಬಂಧ ಎಂದು ಇಲ್ಲಿನವರು ಕೇಳಬಹುದು. ಕೇಳುವುದು ಸರಿಯೇ. ನಮ್ಮ ಊರು ಆ ಕಾಲದಲ್ಲಿ ಫುಟ್‌ಬಾಲಿನ ಊರಾಗಿರಲಿಲ್ಲ. ಅರಮನೆ, ಕಾಲೇಜು, ಸಂಗೀತ, ಸಾಹಿತ್ಯ ಇವುಗಳ ಊರು. ಆಟವೆಂದರೆ ಕುಸ್ತಿ, ಆಮೇಲೆ ಕ್ರಿಕೆಟ್. ರಾಜ್ಯದ ಹೆಸರು ನಮ್ಮದು, ಬೆವರು ಬೇರೆಯವರದು. ಆ ಹೆಸರಿನ ಋಣ ತೀರಿಸಿ ಎಂದು ಯಾರ ಮೇಲೂ ಭಾವುಕತೆಯ ಒತ್ತಡ ಹೇರುವುದು ನನ್ನ ಉದ್ದೇಶವಲ್ಲ. ಆದರೆ ಈ ಕೆಲಸಕ್ಕೆ ಬೇಕಾದ ಸಲಕರಣೆ ಬೆಂಗಳೂರಿಗಿಂತ ಹೆಚ್ಚಾಗಿ ಮೈಸೂರಿನಲ್ಲಿದೆ ಎಂಬುದನ್ನು ಯಾರೂ ಗಮನಿಸಿದಂತಿಲ್ಲ.

ಏನು ಬೇಕು ಎಂದು ಯೋಚಿಸಿ. ಐವತ್ತರ ದಶಕದ ಬಂಗಾಳಿ ಪತ್ರಿಕೆಗಳನ್ನು ಓದಿ ಅಹಮದ್ ಖಾನ್, ಧನರಾಜ್, ಕೆಂಪಯ್ಯ ಆಡಿದ ಪಂದ್ಯಗಳ ವರದಿಗಳನ್ನು ಹೆಕ್ಕಬಲ್ಲವರು ಬೇಕು. ಬೆಂಗಳೂರು ಮುಸ್ಲಿಮ್ಸ್ ತಂಡದವರ ಮನೆಗಳಲ್ಲಿ ಉರ್ದುವಿನಲ್ಲಿ, ಆಸ್ಟಿನ್ ಟೌನಿನ ಮನೆಗಳಲ್ಲಿ ತಮಿಳಿನಲ್ಲಿ ಕೂತು ಮಾತಾಡಿಸಿ, ಅಟ್ಟದ ಮೇಲಿನ ಫೋಟೋ, ಪದಕ, ಪತ್ರಗಳನ್ನು ಗುರುತಿಸಬಲ್ಲವರು ಬೇಕು. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳಲ್ಲಿ, ಮುಖ್ಯವಾಗಿ ಎಚ್‌ಎಎಲ್, ಐಟಿಐಗಳಲ್ಲಿ ಆಟದ ಲೆಕ್ಕದಲ್ಲೇ ನೌಕರಿಗೆ ಸೇರಿದವರ ಕಡತಗಳನ್ನು ನೋಡಬಲ್ಲವರು ಬೇಕು. ಕಾಗದವಿಲ್ಲದ ಆ ವೃತ್ತಿ ಕಾಗದದ ಮೇಲೆ ಗುರುತು ಬಿಟ್ಟಿರಬಹುದಾದ ಜಾಗ ಅದೊಂದೇ. ಕೊನೆಗೆ ಎಲ್ಲವನ್ನೂ ಕನ್ನಡದಲ್ಲಿ ಬರೆಯಬಲ್ಲ ಒಬ್ಬರು, ಅಚ್ಚು ಹಾಕುವ ಒಂದು ಸಂಸ್ಥೆ. ಮಾನಸಗಂಗೋತ್ರಿಯ ಬಳಿಯಲ್ಲೇ 1969ರಿಂದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನವಿದೆ. ದೇಶದ ಬೇರೆ ಬೇರೆ ಭಾಷೆ ಬಲ್ಲವರು ಒಂದೇ ಆವರಣದಲ್ಲಿ ಸಿಗುವ ಇಂಥ ಜಾಗ ರಾಜ್ಯದಲ್ಲಿ ಇನ್ನೊಂದಿಲ್ಲ. ವಿಶ್ವವಿದ್ಯಾನಿಲಯದ ಪ್ರಸಾರಾಂಗ ಸಾಮಾನ್ಯ ಓದುಗರಿಗೆಂದು ಕಿರುಹೊತ್ತಗೆಗಳನ್ನು ತಲೆಮಾರುಗಳಿಂದ ಅಚ್ಚು ಹಾಕುತ್ತ ಬಂದಿದೆ. ಒಬ್ಬ ಸಂಶೋಧನಾ ವಿದ್ಯಾರ್ಥಿ, ಎರಡು ವರ್ಷದ ವೇತನ, ಕೋಲ್ಕತ್ತಕ್ಕೆ ಹೋಗಿಬರುವ ರೈಲು ಖರ್ಚು: ಕೇಳುತ್ತಿರುವುದು ಇಷ್ಟೇ. ಮೊದಲ ಅಧ್ಯಾಯಕ್ಕೆ ಸಾರಂಗಪಾಣಿ ರಾಮನ್ ಅವರನ್ನು ಇಟ್ಟುಕೊಳ್ಳಲಿ. ಅಹಮದ್ ಖಾನ್ ಅವರ ಬಗ್ಗೆ ಬಂಗಾಳಿಗಳು ಹೇಗೂ ಬರೆದಿದ್ದಾರೆ.